ಹಿಂಭಾರ

ಸ್ಟ್ರೀಕಿ ಬೇ ಬಿಟ್ಟು ಸೆಡುನಾ ಕಡೆಗೆ ಅರ್ಧ ದಾರಿ ಬಂದಿದ್ದಾಗ ಕಾರಿನ ಹಿಂದೆ ಕಟ್ಟಿದ್ದ ನಮ್ಮ ಚಕ್ರದ ಮನೆ, ಕ್ಯಾರವಾನ್, ಬಾಲ ಅಲ್ಲಾಡಿಸಿತು.

ಗೋಧಿ ತುಂಬಿದ ರೋಡ್ ಟ್ರೇನ್ ಒಂದು ಹಿಂದಿನಿಂದ ಬಂದು ನಮ್ಮನ್ನು ದಾಟುತ್ತಿತ್ತು. ಒಂದರ ಹಿಂದೊಂದು ಟ್ರೇಲರ್ ಕಟ್ಟಿಕೊಂಡ ಅಂಥ ಲಾರಿ ದಾಟುವಾಗ ಗಾಳಿ ಮೊದಲು ನೂಕುತ್ತದೆ, ಆಮೇಲೆ ಎಳೆದುಕೊಳ್ಳುತ್ತದೆ. ಸ್ಟಿಯರಿಂಗನ್ನು ಸ್ವಲ್ಪ ಬಿಗಿಯಾಗಿ ಹಿಡಿದರೆ ಅಷ್ಟಕ್ಕೇ ಮುಗಿಯುತ್ತದೆ. ಅವತ್ತು ಮುಗಿಯಲಿಲ್ಲ. ಕ್ಯಾರವಾನಿನ ಹಿಂಭಾಗ ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಮತ್ತೆ ಎಡಕ್ಕೆ ಹೋಯಿತು. ಪ್ರತಿ ಸಲವೂ ಹಿಂದಿನ ಸಲಕ್ಕಿಂತ ಅಗಲವಾಗಿ. ಅದರ ಜೊತೆ ಕಾರಿನ ಹಿಂಚಕ್ರಗಳೂ ಜರುಗುತ್ತಿರುವುದು ಸೀಟಿನ ಮೂಲಕ ನನ್ನ ಸೊಂಟಕ್ಕೆ ತಿಳಿಯುತ್ತಿತ್ತು.

"ಬ್ರೇಕ್ ಹಾಕೇ! ಗ್ಲೆನಿಸ್, ಬ್ರೇಕ್!" ಪಕ್ಕದ ಸೀಟಿನಲ್ಲಿದ್ದ ನನ್ನ ಗಂಡ ಕ್ಲೈವ್ ಕೂಗಿದ.

ನಾನು ಕಾರಿನ ಬ್ರೇಕ್ ಮುಟ್ಟಲಿಲ್ಲ. ಮುಟ್ಟಿದ್ದರೆ ಕ್ಯಾರವಾನ್ ನಮ್ಮ ಬೆನ್ನಿಗೆ ಬಂದು ಕಾರನ್ನು ಅಡ್ಡ ತಿರುಗಿಸಿಬಿಡುತ್ತಿತ್ತು. ಆಕ್ಸಿಲರೇಟರಿನಿಂದ ಕಾಲೆತ್ತಿ, ಸ್ಟಿಯರಿಂಗ್ ನೆಟ್ಟಗೆ ಹಿಡಿದು, ಡ್ಯಾಶ್‌ಬೋರ್ಡಿನಲ್ಲಿ ಕ್ಯಾರವಾನಿನ ಬ್ರೇಕಿಗೆಂದೇ ಇರುವ ಗುಂಡಿಯನ್ನು ಒತ್ತಿದೆ. ಯಾರೋ ಹಿಂದಿನಿಂದ ಜುಟ್ಟು ಹಿಡಿದು ಎಳೆದಂತಾಯಿತು. ಬಾಲ ನೆಟ್ಟಗಾಯಿತು. ಲಾರಿ ಮುಂದೆ ಹೋಯಿತು.

ಈ ರಸ್ತೆಗಳಲ್ಲಿ ಲಾರಿಯವರೂ ಕ್ಯಾರವಾನಿನವರೂ ರೇಡಿಯೊವನ್ನು ನಲವತ್ತನೇ ಚಾನೆಲಿಗೆ ಇಟ್ಟುಕೊಂಡೇ ಓಡಾಡುತ್ತೇವೆ. ಒಬ್ಬ ಮಾತಾಡಿದ್ದು ಆ ಸುತ್ತಿನ ಎಲ್ಲ ಗಾಡಿಗಳಿಗೂ ಕೇಳುತ್ತದೆ. ರೇಡಿಯೊ ಗರಗರ ಎಂದಿತು.

"ಬಿಳಿ ಕ್ಯಾರವಾನ್, ನಿಮ್ಮ ಬಾಲ ಜೋರಾಗಿ ಅಲ್ಲಾಡ್ತಿತ್ತಲ್ಲ. ಎಲ್ಲಾ ಸರಿ ಇದ್ಯಾ?"

ನಾನು ಕೈ ಚಾಚುವ ಮೊದಲೇ ಕ್ಲೈವ್ ಮೈಕ್ ತೆಗೆದುಕೊಂಡ.

"ಎಲ್ಲಾ ಸರಿ ಇದೆ ಗುರುವೇ. ಹೆಂಡ್ತಿ ಓಡಿಸ್ತಿದ್ದಾಳೆ, ಅಷ್ಟೇ."

"ಓಹೋ! ಹಾಗಾದ್ರೆ ನಾನು ಇನ್ನೂ ಸ್ವಲ್ಪ ದೂರ ಓಡ್ತೀನಿ ಬಿಡು."

ಮೂರನೆಯ ಯಾವನೋ ನಕ್ಕ. ಅವನು ಯಾರು, ಎಲ್ಲಿದ್ದ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಕ್ಲೈವ್ ಕೂಡ ನಕ್ಕು ಮೈಕನ್ನು ಕೊಕ್ಕೆಗೆ ಸಿಕ್ಕಿಸಿದ.

ನಾನು ಪೋರ್ಟ್ ಪಿರಿಯಲ್ಲಿ ಇಪ್ಪತ್ತಾರು ವರ್ಷ ಸ್ಕೂಲ್ ಬಸ್ ಓಡಿಸಿದವಳು. ಆ ಬಸ್ಸಿಗೆ ಒಂದು ಗೀರು ಬೀಳಿಸಿದ್ದು ಯಾರಿಗೂ ನೆನಪಿಲ್ಲ. ಕ್ಲೈವ್ ಅದೇ ಊರಿನಲ್ಲಿ ಇಟ್ಟಿಗೆ ಕಟ್ಟುತ್ತಿದ್ದ. ಇಬ್ಬರೂ ಕೆಲಸ ಬಿಟ್ಟ ಮೇಲೆ ಕ್ಯಾರವಾನ್ ಕೊಂಡೆವು. ಮೊದಲ ಎರಡು ಪ್ರವಾಸಗಳಲ್ಲಿ ಓಡಿಸಿದ್ದು ಅವನೇ. ಹೋದ ಚಳಿಗಾಲದಲ್ಲಿ ಕಣ್ಣಿನ ಡಾಕ್ಟರು ಅವನ ದೃಷ್ಟಿ ನೋಡಿ ತಲೆಯಾಡಿಸಿದರು, ಲೈಸೆನ್ಸ್ ಹೋಯಿತು. ದೂರದ್ದು ಅವನಿಗೆ ಮಸುಕು, ಹತ್ತಿರದ್ದರ ನಡುಮಧ್ಯವೇ ಮಾಯ. ಅಂದಿನಿಂದ ನಮ್ಮಲ್ಲಿ ಒಂದು ಒಪ್ಪಂದ: ಸ್ಟಿಯರಿಂಗ್ ನನ್ನದು, ಕೊಂಡಿ ಅವನದು. ಸಾಮಾನು ತುಂಬುವುದು, ಕ್ಯಾರವಾನನ್ನು ಕಾರಿಗೆ ಸಿಕ್ಕಿಸುವುದು, ಮಟ್ಟ ನೋಡುವುದು ಎಲ್ಲ ಅವನ ಕೆಲಸ. ಅಲ್ಲಿ ನಾನು ತಲೆ ಹಾಕುತ್ತಿರಲಿಲ್ಲ. ಅವನಿಗೆ ಉಳಿದಿದ್ದು ಅಷ್ಟೇ ಎಂದು ಬಿಟ್ಟಿದ್ದೆ.

ಸೆಡುನಾದವರೆಗೂ ನಾನು ಕನ್ನಡಿಯಲ್ಲಿ ಕ್ಯಾರವಾನಿನ ಬಾಲ ನೋಡುತ್ತಲೇ ಓಡಿಸಿದೆ. ಅವನು ಎರಡು ಸಲ ಸಮುದ್ರ ತೋರಿಸಿದ.

ಸಂಜೆ ಕ್ಯಾರವಾನ್ ಪಾರ್ಕಿನಲ್ಲಿ ಎಂದಿನಂತೆ ಎಲ್ಲರೂ ಮಡಚುವ ಕುರ್ಚಿ, ತಮ್ಮ ತಮ್ಮ ಬಿಯರು ಹಿಡಿದುಕೊಂಡು ಒಂದು ಕಡೆ ಸೇರಿದರು. ನಾವು ನಿಂತಿದ್ದು ರೆಕ್ಸ್ ಮತ್ತು ಬೆರಿಲ್ ಎಂಬ ಮಿಲ್ಡುರಾದ ದಂಪತಿಯ ಪಕ್ಕದಲ್ಲಿ. ಬೆಳಿಗ್ಗೆಯೇ ಹೊರಡುವವರಾದ್ದರಿಂದ ನಮ್ಮ ಕಾರನ್ನು ಕ್ಯಾರವಾನಿನಿಂದ ಬಿಚ್ಚಿರಲಿಲ್ಲ. ರೆಕ್ಸ್ ಬಿಯರ್ ಹಿಡಿದು ಅದರ ಸುತ್ತ ಒಂದು ಸುತ್ತು ಬಂದ.

"ಏನ್ ಕ್ಲೈವ್, ಫೋಟೊ ತೆಗೆದಿಟ್ಟಂಗಿದೆ! ಕಾರೂ ವ್ಯಾನೂ ಒಂದೇ ಗೆರೆ. ಮೇಲೆ ನೀರು ಹೊಯ್ದ್ರೂ ಹರಿಯಲ್ಲ."

"ಜೀವಮಾನವೆಲ್ಲಾ ಗೋಡೆ ಕಟ್ಟಿದ್ದೀನಿ ಮಾರಾಯ," ಎಂದ ಕ್ಲೈವ್. ಒಳಗೆ ಹೋಗಿ ತನ್ನ ಉದ್ದನೆಯ ರಸಮಟ್ಟ ತಂದು, ಕ್ಯಾರವಾನಿನಿಂದ ಮುಂದಕ್ಕೆ ಚಾಚಿ ಕಾರಿಗೆ ಸೇರುವ ಮೂಕಿಯ ಮೇಲೆ ಇಟ್ಟ. "ನೋಡು, ಗುಳ್ಳೆ ಎಲ್ಲಿದೆ?"

"ಸರಿಯಾಗಿ ನಡುವೆ."

"ಅಷ್ಟೇ ಮತ್ತೆ. ಇಷ್ಟಾದ್ರೂ ಇವತ್ತು ದಾರೀಲಿ ನಮ್ಮಮ್ಮಾವ್ರು ಒಂದು ಡಾನ್ಸ್ ತೋರಿಸಿದ್ರು. ಪಾಪ ಲಾರಿಯವನು ಹೆದರಿ ಓಡ್ಹೋದ."

ಎಲ್ಲರೂ ನಕ್ಕರು. ಬೆರಿಲ್ ಮಾತ್ರ ನನ್ನ ಮುಖ ನೋಡಿ ಚೀಸಿನ ತಟ್ಟೆ ಮುಂದೆ ಚಾಚಿದಳು. ನಾನು ತೆಗೆದುಕೊಳ್ಳಲಿಲ್ಲ. ಕ್ಲೈವ್ ಬಿಯರ್ ಎತ್ತಿದಾಗ ಅವನ ತೋರುಬೆರಳಿನ ಉಗುರು ಕಪ್ಪಗಾಗಿರುವುದು ಕಾಣಿಸಿತು. ಕೇಳಿದ್ದಕ್ಕೆ ಮಡಚುವ ಕುರ್ಚಿ ಕಚ್ಚಿತು ಎಂದ.

"ಮೊದ್ಲು ಯಾವತ್ತೂ ಹಿಂಗೆ ಅಲ್ಲಾಡಿರ್ಲಿಲ್ಲ," ಎಂದೆ. "ಏನ್ ಬದಲಾಯಿಸಿದ್ದೀಯ?"

"ಏನಿಲ್ಲ. ಗಾಳಿ ಇತ್ತು, ನೀನು ಗಾಬರಿಯಾದೆ."

"ನಾನು ಗಾಬರಿಯಾಗಿದ್ರೆ ನೀನು ಹೇಳಿದ ಹಾಗೆ ಬ್ರೇಕ್ ಒತ್ತಿರ್ತಿದ್ದೆ. ಈಗ ನೀನು ಬಿಯರ್ ಕುಡೀತಿರ್ಲಿಲ್ಲ."

 ನಾನು ಎದ್ದು ಮೂಕಿಯ ಬಳಿಗೆ ಹೋದೆ.

ನಮ್ಮ ಕೊಂಡಿಯಲ್ಲಿ ಕಾರಿನಿಂದ ಹಿಂದಕ್ಕೆ, ಮೂಕಿಯ ಎರಡೂ ಬದಿಗೆ ಎರಡು ಸ್ಪ್ರಿಂಗ್ ಸಲಾಕೆಗಳಿರುತ್ತವೆ. ಅವುಗಳ ತುದಿಯನ್ನು ಸರಪಳಿಯಿಂದ ಎತ್ತಿ ಬಿಗಿಯುತ್ತಾರೆ. ಕ್ಯಾರವಾನಿನ ಭಾರ ಕಾರಿನ ಹಿಂಭಾಗದ ಮೇಲೆ ಕೂತಾಗ ಕಾರಿನ ಮೂಗು ಮೇಲೆದ್ದು ಮುಂಚಕ್ರಗಳು ಹಗುರಾಗುತ್ತವೆ. ಸ್ಟಿಯರಿಂಗ್ ನೀರಿನಲ್ಲಿ ಕೈಯಾಡಿಸಿದಂತಾಗುತ್ತದೆ. ಈ ಸಲಾಕೆಗಳು ಆ ಭಾರವನ್ನು ಸ್ವಲ್ಪ ಮುಂಚಕ್ರಗಳಿಗೆ ದಾಟಿಸುತ್ತವೆ. ಕ್ಯಾರವಾನ್ ಬಿಚ್ಚುವ ಮೊದಲು ಅವನ್ನು ಬಿಚ್ಚಬೇಕು. ಮೂಕಿಯನ್ನು ಎತ್ತಿ ಭಾರ ನೋಡೋಣವೆಂದು, ಮೊದಲು ಸಲಾಕೆ ಬಿಚ್ಚಲು ಬಗ್ಗಿದೆ.

ಸಲಾಕೆಗಳಿರಲಿಲ್ಲ. ಕೊಂಡಿಯೂ ನಮ್ಮದಾಗಿರಲಿಲ್ಲ.

"ಕ್ಲೈವ್, ಸಲಾಕೆ ಎಲ್ಲಿ?"

ಅವನು ಬಾಟಲಿ ಕಡೆ ನೋಡಿದ. "ನೆವಿಲ್‌ಗೆ ಕೊಟ್ಟೆ."

ನೆವಿಲ್ ಸ್ಟ್ರೀಕಿ ಬೇಯಲ್ಲಿ ನಮ್ಮ ಪಕ್ಕದಲ್ಲಿ ಬಿಡಾರ ಹೂಡಿದ್ದವನು. ಕೇಳಿದವರಿಗೂ ಕೇಳದವರಿಗೂ ಬುದ್ಧಿ ಹೇಳುತ್ತ ತಿರುಗುವವನು.

"ಕೊಟ್ಟೆ ಅಂದ್ರೆ?"

"ಅವನು ಹೇಳ್ದ, ಭಾರದ ಸಾಮಾನೆಲ್ಲ ಹಿಂದಕ್ಕೆ ಹಾಕಿದ್ರೆ ಕಾರಿನ ಬೆನ್ನು ತಾನಾಗೇ ಏಳುತ್ತೆ, ಸಲಾಕೆ ಯಾಕೆ ಬೇಕು ಅಂತ. ಹಾಕಿ ನೋಡಿದ್ವಿ. ಎದ್ದಿತು. ನೀನೇ ನೋಡು, ಎಷ್ಟು ಮಟ್ಟವಾಗಿದೆ!"

ಕ್ಯಾರವಾನಿನ ಹಿಂದೆ ಹೋಗಿ ನೋಡಿದೆ. ಬಂಪರಿನ ಮೇಲಿನ ಚೌಕಟ್ಟಿನಲ್ಲಿ ಜನರೇಟರು, ನೀರಿನ ಕ್ಯಾನುಗಳು, ಅವನ ಗಾರೆ ಕೆಲಸದ ಉಕ್ಕಿನ ಪೆಟ್ಟಿಗೆ. ಆ ಪೆಟ್ಟಿಗೆಯನ್ನು ಎತ್ತಲು ಇಬ್ಬರು ಬೇಕು. ಮೇಲೊಂದು ಟಾರ್ಪಾಲು ಹೊದಿಸಿದ್ದ. ಅದನ್ನು ನಾನು ಹಾಸಿಗೆ ಕುರ್ಚಿಗಳೆಂದುಕೊಂಡಿದ್ದೆ.

ಮುಂದೆ ಬಂದು ಕ್ಯಾರವಾನಿನ ಚಕ್ರಗಳಿಗೆ ಅಡೆ ಇಟ್ಟೆ. ಮೂಕಿಯ ಪುಟ್ಟ ಚಕ್ರವನ್ನು ಇಳಿಸಿ, ಕೊಂಡಿ ಬಿಚ್ಚಿ, ಕಾರನ್ನು ಒಂದು ಮಾರು ಮುಂದೆ ತಂದು ನಿಲ್ಲಿಸಿದೆ. ಯಾರೂ ಸಹಾಯಕ್ಕೆ ಬರಲಿಲ್ಲ. ಬರುವ ಧೈರ್ಯ ಇರಲಿಲ್ಲ ಎಂದುಕೊಳ್ಳುತ್ತೇನೆ.

"ರೆಕ್ಸ್, ನಿನ್ನ ವ್ಯಾನಿನ ಮೂಕಿ ನೀನೊಬ್ನೇ ಎತ್ತಬಲ್ಲೆಯಾ?"

"ನಾನಾ? ನನ್ನ ಜೊತೆ ಇನ್ನೊಬ್ಬ ಬಂದ್ರೂ ಆಗಲ್ಲ."

"ಆಗಬಾರ್ದು. ವ್ಯಾನಿನ ಭಾರದಲ್ಲಿ ಹತ್ತನೇ ಒಂದು ಪಾಲು ಕೊಂಡಿ ಮೇಲೆ ಕೂರ್ಬೇಕು. ಈಗ ನೋಡು."

ಮೊಣಕಾಲು ಬಗ್ಗಿಸಿ, ಎರಡೂ ಕೈಯಲ್ಲಿ ಮೂಕಿಯ ತುದಿ ಹಿಡಿದು ಎತ್ತಿದೆ. ಬಂತು. ಎರಡು ಟನ್ನಿನ ಕ್ಯಾರವಾನಿನ ಮೂಗು, ತುಂಬಿದ ಸೂಟ್‌ಕೇಸು ಮೇಲೇಳುವಂತೆ ನೆಲ ಬಿಟ್ಟು ಎದ್ದಿತು. ನನಗೆ ಅರವತ್ತೆಂಟು ವಯಸ್ಸು. ಪುಟ್ಟ ಚಕ್ರ ಗಾಳಿಯಲ್ಲಿ ತೂಗಾಡಿತು. ಕ್ಲೈವ್ ಇಟ್ಟಿದ್ದ ರಸಮಟ್ಟ ಜಾರಿ ಹುಲ್ಲಿಗೆ ಬಿತ್ತು.

"ಇಳಿಸು ಕಣೇ, ಬೆನ್ನು ಹಿಡ್ಕೊಳ್ಳುತ್ತೆ," ಎಂದ ರೆಕ್ಸ್.

ಬೆರಿಲ್ ಗಂಡನ ಕಡೆ ತಿರುಗಿದಳು. "ಬಾಯಿ ಮುಚ್ಕೊಂಡು ಹೋಗಿ ನಮ್ಮದನ್ನ ಎತ್ತಿ ನೋಡು. ನೀನೂ ಹಿಂದೆ ಏನೇನೋ ತುಂಬಿದ್ದೀಯ."

ನಾನು ಮೂಕಿ ಇಳಿಸಿದೆ. "ಇದು ಹಿಂಭಾರ. ಮೂಗು ಹಗುರ ಆದ್ರೆ ಬಾಲ ಯಜಮಾನಿಕೆ ಮಾಡುತ್ತೆ. ಗುಳ್ಳೆ ನಡುವೆ ಇದ್ರೆ ಗೋಡೆಗೆ ಸಾಕು, ಕ್ಲೈವ್. ಗೋಡೆ ನೂರು ಕಿಲೋಮೀಟರ್ ವೇಗದಲ್ಲಿ ಓಡಲ್ಲ."

"ಎಲ್ರ ಮುಂದೆ ಯಾಕೆ ಕಿರುಚಾಡ್ತೀಯ?"

"ರೇಡಿಯೊದಲ್ಲಿ ಎಲ್ರ ಮುಂದೆ ಯಾರು ಮಾತಾಡಿದ್ದು?"

"ಅದು ತಮಾಷೆ."

"ಸರಿ. ನಾಳೆ ನೀನೇ ಓಡ್ಸು, ತಮಾಷೆಯಾಗಿರುತ್ತೆ."

ಹಾಗೆ ಹೇಳಬಾರದಿತ್ತು ಎಂದು ಬೆರಿಲ್ ಆಮೇಲೆ ಪಾತ್ರೆ ತೊಳೆಯುವಾಗ ಹೇಳಿದಳು. ನನಗೆ ಹಾಗೆ ಅನ್ನಿಸಲಿಲ್ಲ. ಸೆಡುನಾ ದಾಟಿದರೆ ಮುಂದೆ ನಲ್ಲರ್ಬೋರ್. ಮರವಿಲ್ಲದ ಬಯಲು, ಅಡ್ಡಗಾಳಿ, ಹಗಲಿಡೀ ಲಾರಿಗಳು. ಅದರಾಚೆ, ಎಸ್ಪರೆನ್ಸಿನಲ್ಲಿರುವ ಅವನ ತಂಗಿ ಕಾಯುತ್ತಿದ್ದಳು, ನಿಜ. ಆದರೆ ಆ ಬಯಲಿನಲ್ಲಿ ಕಾರು ಮಗುಚಿದರೆ ಒಳಗಿರುವವರು ನಾವಿಬ್ಬರೇ, ಸ್ಟಿಯರಿಂಗ್ ಹಿಡಿದಿರುವವಳು ನಾನು, ಮತ್ತು ತಪ್ಪು ಯಾರದೆಂಬುದನ್ನು ಅವನು ಈಗಾಗಲೇ ಇಡೀ ಹೆದ್ದಾರಿಗೆ ಹೇಳಿಯಾಗಿತ್ತು.

ಬೆಳಿಗ್ಗೆ ನಾನು ಕಾರಿನ ಕೀಲಿ ತೆಗೆದುಕೊಂಡೆ.

"ಎಲ್ಲಿಗೆ?" ಎಂದ ಕ್ಲೈವ್.

"ಸ್ಟ್ರೀಕಿ ಬೇಗೆ. ನನ್ನ ಸಲಾಕೆ ತರೋಕೆ."

"ನಾನೂ ಬರ್ತೀನಿ."

"ಬೇಡ. ವ್ಯಾನ್ ಮಟ್ಟವಾಗಿದೆಯಲ್ಲ, ಅದರಲ್ಲೇ ಕೂತಿರು."

ಸ್ಟ್ರೀಕಿ ಬೇಯಲ್ಲಿ ನೆವಿಲ್ ಬಯಲಿನ ಒಲೆಯ ಮೇಲೆ ಮೊಟ್ಟೆ, ಬೇಕನ್ ಹುರಿಯುತ್ತಿದ್ದ. ಅವನೂ ಹೊರಡುವ ತಯಾರಿಯಲ್ಲಿದ್ದ. ಕ್ಯಾರವಾನ್ ಕಾರಿಗೆ ಸಿಕ್ಕಿತ್ತು. ಅದರ ಮೂಕಿಯ ಎರಡೂ ಬದಿಗೆ ನನ್ನ ಸಲಾಕೆಗಳು ಬಿಗಿದು ಕೂತಿದ್ದವು.

ಬಗ್ಗಿ ಒಂದನ್ನು ಬೆರಳಿನಿಂದ ತಟ್ಟಿ ನೋಡಿದೆ.

"ಅರೆ, ಗ್ಲೆನಿಸ್! ಮೊಟ್ಟೆ ತಿಂತೀಯಾ?"

"ಸಲಾಕೆ ಬೇಡ ಅಂತ ಕ್ಲೈವ್‌ಗೆ ಹೇಳಿದ್ದು ನೀನಲ್ವ?"

"ಅವನಿಗೆ ಬೇಡ. ನನ್ನ ಕಾರಿನ ಹಿಂಭಾಗ ಪೂರಾ ಕೂತುಬಿಟ್ಟಿತ್ತು ನೋಡು, ನನಗೆ ಬೇಕಾಯ್ತು."

"ನೀನೂ ಸಾಮಾನು ಹಿಂದಕ್ಕೆ ಹಾಕ್ಬೇಕಿತ್ತು."

"ನನ್ನ ವ್ಯಾನು ಉದ್ದ ಕಣಮ್ಮ. ಹಿಂದೆ ಭಾರ ಹಾಕಿದ್ರೆ ಅಲ್ಲಾಡ್..."

ಅವನು ನಿಲ್ಲಿಸಿದ. ಕೈಯಲ್ಲಿದ್ದ ಚಮಚದಿಂದ ಎಣ್ಣೆ ತೊಟ್ಟಿಕ್ಕಿತು.

"ಹೇಳು ನೆವಿಲ್. ಹಿಂದೆ ಭಾರ ಹಾಕಿದ್ರೆ ಏನಾಗುತ್ತೆ?"

"ಅವನು ಖುಷಿಯಿಂದ ಕೊಟ್ಟಿದ್ದು. ಬದಲಿಗೆ ನನ್ನ ಕೊಂಡಿ ಕೊಟ್ಟಿದ್ದೀನಿ."

"ಕೊಟ್ಟವನು ಓಡಿಸೋನಲ್ಲ. ಓಡಿಸೋಳು ವಾಪಸ್ ಕೇಳ್ತಿದ್ದಾಳೆ. ಬಿಚ್ಚು. ಮೊಟ್ಟೆ ಸೀದ್ರೆ ಸೀಯಲಿ."

ಅವನು ಸಲಾಕೆಗಳನ್ನೂ ನಮ್ಮ ಕೊಂಡಿಯನ್ನೂ ಬಿಚ್ಚಿದ. ಬಿಚ್ಚುತ್ತ, ಹೆಂಗಸರಿಗೆ ಕೊಂಡಿಯ ವಿಷಯ ಅರ್ಥವಾಗುವುದಿಲ್ಲ ಎಂಬಂಥದ್ದೇನೋ ಗೊಣಗಿದ. ನಾನು ಒಲೆಯ ಮೇಲಿನ ಮೊಟ್ಟೆಗಳು ಅಂಚಿನಿಂದ ಕಪ್ಪಾಗುತ್ತ ಬಂದದ್ದನ್ನು ನೋಡಿದೆ, ಒಲೆ ಆರಿಸಲಿಲ್ಲ. ಅವನ ಕೊಂಡಿಯನ್ನು ನಮ್ಮ ಕಾರಿನಿಂದ ಬಿಚ್ಚಿ ಅವನ ಕಾಲಬುಡದಲ್ಲಿ ಇಟ್ಟೆ. ಇಟ್ಟೆ ಎನ್ನುವುದಕ್ಕಿಂತ ಬಿಟ್ಟೆ ಎನ್ನಬಹುದು.

ಸೆಡುನಾಕ್ಕೆ ವಾಪಸು ಬಂದಾಗ ಕ್ಲೈವ್ ಕ್ಯಾರವಾನಿನ ಮೆಟ್ಟಿಲ ಮೇಲೆ ಕೂತಿದ್ದ. ಅಂಗಿ ಬೆವರಿನಿಂದ ಮೈಗೆ ಅಂಟಿತ್ತು. ಹಿಂದಿನ ಚೌಕಟ್ಟು ಖಾಲಿಯಾಗಿತ್ತು. ಒಳಗೆ ಇಣುಕಿದೆ. ಉಕ್ಕಿನ ಪೆಟ್ಟಿಗೆ ಚಕ್ರದ ಅಚ್ಚಿಗಿಂತ ಒಂದು ಗೇಣು ಮುಂದೆ, ನೆಲಕ್ಕೆ ಒತ್ತಿ, ಪಟ್ಟಿ ಬಿಗಿದು ಕೂತಿತ್ತು. ನೀರಿನ ಕ್ಯಾನುಗಳು ಅದರ ಪಕ್ಕ. ಜನರೇಟರು ಮೂಕಿಯ ಹತ್ತಿರದ ಪೆಟ್ಟಿಗೆಯೊಳಗೆ. ನಾನು ಇಟ್ಟಿದ್ದರೂ ಅಲ್ಲೇ ಇಡುತ್ತಿದ್ದೆ.

"ಯಾರು ಹೇಳಿಕೊಟ್ರು?"

"ಯಾರೂ ಇಲ್ಲ. ಪೆಟ್ಟಿಗೆ ಎತ್ತೋಕೆ ರೆಕ್ಸ್ ಕೈ ಹಾಕ್ದ, ಅಷ್ಟೇ. ತಳ್ಳುಗಾಡೀಲಿ ಇಟ್ಟಿಗೆ ತುಂಬೋನಿಗೆ ಭಾರ ಎಲ್ಲಿ ಕೂರ್ಬೇಕು ಅಂತ ಗೊತ್ತಿರಲ್ವ?"

ಅಷ್ಟು ಹೊತ್ತಿಗೆ ಇಳಿಯತೊಡಗಿದ್ದ ಸಿಟ್ಟು ಮತ್ತೆ ನೆತ್ತಿಗೇರಿತು.

"ಗೊತ್ತಿತ್ತಾ? ಗೊತ್ತಿದ್ದೂ ಹಿಂದೆ ಹಾಕಿದ್ಯಾ? ನೆವಿಲ್ ಮಾತು ನಂಬಿದ ಪೆದ್ದ ಅಂದ್ಕೊಂಡಿದ್ದೆ. ನೀನು ಪೆದ್ದನೂ ಅಲ್ಲ!"

ಅವನು ಕಪ್ಪಾದ ಉಗುರನ್ನು ಸವರಿಕೊಂಡ.

"ಸಲಾಕೆ ಸರಪಳಿ ಕೊಕ್ಕೆ ನನಗೆ ಕಾಣಲ್ಲ ಕಣೇ," ಎಂದ. "ಸರಪಳಿಯ ಎಷ್ಟನೇ ಬಳೆಗೆ ಹಾಕಿದ್ದೀನಿ ಅಂತ ಗೊತ್ತಾಗಲ್ಲ. ತಡಕಾಡ್ತೀನಿ. ಮೊನ್ನೆ ಸರಪಳಿ ಎತ್ತೋ ಸನ್ನೆಕೋಲು ಜಾರಿ ಬೆರಳ ಮೇಲೆ ಬಂತು. ಕುರ್ಚಿ ಅಲ್ಲ."

"ನನಗೆ ಹೇಳೋಕೆ ಬಾಯಿರ್ಲಿಲ್ವ?"

"ಹೇಳಿದ್ರೆ ನೀನು ಅದನ್ನೂ ತಗೊಂಡುಬಿಡ್ತಿದ್ದೆ."

"ಹೌದು. ತಗೊಳ್ತಿದ್ದೆ."

"ಅದಕ್ಕೇ ಹೇಳ್ಲಿಲ್ಲ."

"ಅದಕ್ಕೆ ನೀನು ನಮ್ಮಿಬ್ಬರ ಪ್ರಾಣ ಬಾಲಕ್ಕೆ ಕಟ್ಟಿದೆ. ಅದು ಅಲ್ಲಾಡಿದಾಗ ತಪ್ಪನ್ನ ನನ್ನ ತಲೆಗೆ ಕಟ್ಟಿದೆ. ಊರಿಗೆಲ್ಲ ಸಾರಿದೆ."

ಅವನ ಮೇಲೆ ಕನಿಕರ ಬರಲಿಲ್ಲವೇ ಎಂದರೆ, ಬಂತು. ಸಿಟ್ಟಿನ ಪಕ್ಕದಲ್ಲಿ ಬಂದು ಕೂತಿತು, ಅದನ್ನು ಎಬ್ಬಿಸಿ ಕಳಿಸಲಿಲ್ಲ.

ಮಧ್ಯಾಹ್ನವಿಡೀ ಕೆಲಸ ಮಾಡಿದೆವು. ಅವನು ಅಭ್ಯಾಸಬಲದಿಂದ ರಸಮಟ್ಟ ಎತ್ತಿಕೊಂಡ. "ಅದನ್ನ ಆಮೇಲೆ ಇಡು," ಎಂದೆ. "ಮೊದ್ಲು ಕಾರಿನ ಮೂಗು." ಕ್ಯಾರವಾನ್ ಸಿಕ್ಕಿಸುವ ಮುಂಚೆ ಕಾರಿನ ಮುಂಚಕ್ರದ ಮೇಲಿನ ಮಡ್‌ಗಾರ್ಡಿನ ಅಂಚು ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ನಾನು ಟೇಪು ಹಿಡಿದು ನೋಡಿದೆ. ಅವನು ಒಂದು ಕೋಲನ್ನು ಪಕ್ಕದಲ್ಲಿ ನಿಲ್ಲಿಸಿ, ಉಗುರಿನಿಂದ ಅಂಚನ್ನು ಮುಟ್ಟಿ ನೋಡಿ, ಬಡಗಿ ಪೆನ್ಸಿಲಿನಲ್ಲಿ ದಪ್ಪನೆಯ ಗೆರೆ ಎಳೆದ. ಕ್ಯಾರವಾನ್ ಸಿಕ್ಕಿಸಿದೆವು. ಕಾರಿನ ಬೆನ್ನು ಕುಸಿಯಿತು, ಮೂಗು ಗೆರೆಗಿಂತ ಎರಡು ಬೆರಳು ಮೇಲೆದ್ದಿತು. ಸರಪಳಿಯ ಕೊಕ್ಕೆಯನ್ನು ನಾನು ನೋಡಿ ಹಾಕಿದೆ, ಸನ್ನೆಯನ್ನು ಅವನು ಒತ್ತಿದ; ತೋಳಿನಲ್ಲಿ ಇನ್ನೂ ಕಸುವಿದೆ. ಸರಪಳಿಯ ಒಂದು ಬಳೆ ಬಿಗಿದೆವು, ಸಾಲಲಿಲ್ಲ. ಇನ್ನೊಂದು ಬಿಗಿದೆವು. ಸಲಾಕೆಗಳು ಬಿಲ್ಲಿನಂತೆ ಬಾಗಿದವು. ಅವನು ಕೋಲು ಹಿಡಿದು ಮಡ್‌ಗಾರ್ಡಿನ ಅಂಚು ಸವರಿದ.

"ಬಂತು," ಎಂದ. "ಗೆರೆಗಿಂತ ಕೂದಲಷ್ಟು ಮೇಲಿದೆ."

"ಸಾಕು. ಅಲ್ಲಿಗೆ ನಿಲ್ಸು."

ಆಮೇಲೆ ಅವನು ಮೂಕಿಯ ಮೇಲೆ ರಸಮಟ್ಟ ಇಟ್ಟ. ಗುಳ್ಳೆ ನಡುವಿಗಿಂತ ಒಂದು ಕೂದಲೆಳೆ ಹಿಂದಿತ್ತು: ಕ್ಯಾರವಾನಿನ ಮೂಗು ತುಸು ಕೆಳಗೆ. ಅವನಿಗೆ ಕಾಣಲಿಲ್ಲ, ನಾನೇ ಹೇಳಿದೆ. ಅದನ್ನೂ ಸರಿ ಮಾಡೋಣವೇ ಎಂದು ಕೇಳಿದ. ಬೇಡ ಎಂದೆ.

ಮರುದಿನ ಬೆಳಿಗ್ಗೆ ಹೊರಟು ಪೆನೊಂಗ್ ದಾಟಿದೆವು. ಗಾಳಿ ದಕ್ಷಿಣದಿಂದ ಅಡ್ಡ ಬೀಸುತ್ತಿತ್ತು. ರಸ್ತೆಬದಿಯ ಪೊದೆಗಳು ಒಂದೇ ಕಡೆಗೆ ಮಲಗಿದ್ದವು. ಕನ್ನಡಿಯಲ್ಲಿ ರೋಡ್ ಟ್ರೇನ್ ಒಂದು ದೊಡ್ಡದಾಗುತ್ತ ಬಂತು.

"ಬಿಳಿ ಕ್ಯಾರವಾನ್, ನಿಮ್ಮ ಹಿಂದೆ ಇದ್ದೀನಿ. ದಾಟ್ಲಾ?"

ಮೈಕ್ ನಾನೇ ತೆಗೆದುಕೊಂಡೆ. "ದಾಟಪ್ಪ, ಮುಂದೆ ಖಾಲಿ ಇದೆ. ನೀನು ಪಕ್ಕಕ್ಕೆ ಬಂದ ಮೇಲೆ ನಾನು ನಿಧಾನ ಮಾಡ್ತೀನಿ."

ಲಾರಿ ಪಕ್ಕಕ್ಕೆ ಬಂತು. ಗಾಳಿ ನೂಕಿತು, ಎಳೆಯಿತು. ಕ್ಯಾರವಾನ್ ಒಂದು ಸಲ ಮೈ ಝಾಡಿಸಿದಂತೆ ಮಾಡಿ ಸುಮ್ಮನೆ ಹಿಂದೆ ಬಂತು. ಸ್ಟಿಯರಿಂಗ್ ಕೈಯಲ್ಲಿ ಗಟ್ಟಿಯಾಗಿತ್ತು. ಕ್ಲೈವ್ ಬಾಗಿಲ ಹಿಡಿಯಿಂದ ಕೈ ತೆಗೆದ. ನಾನು ಮೈಕನ್ನು ಅವನ ತೊಡೆಯ ಮೇಲೆ ಇಟ್ಟೆ.

"ಏನು?"

"ಹೇಳು."

"ಯಾರಿಗೆ? ಅವನು ಬೇರೆ ಲಾರಿಯವನು ಕಣೇ. ಮೊನ್ನೆಯವನಲ್ಲ."

"ಮೊನ್ನೆ ಯಾರ್ಯಾರು ಕೇಳಿಸ್ಕೊಂಡ್ರು ಅಂತ ನಿನಗೆ ಗೊತ್ತಾ? ಎಲ್ರಿಗೂ ಹೇಳು. ಇಲ್ದಿದ್ರೆ ಮುಂದಿನ ಪೆಟ್ರೋಲ್ ಬಂಕಲ್ಲಿ ಕಾರು ತಿರುಗಿಸ್ತೀನಿ."

ನಾನು ತಿರುಗಿಸುತ್ತೇನೆಂದು ಅವನಿಗೆ ಗೊತ್ತಿತ್ತು. ರಸ್ತೆ ನೋಡಿದ. ಅವನಿಗೆ ಎಷ್ಟು ಕಾಣುತ್ತಿತ್ತೋ ಏನೋ. ಕೊನೆಗೆ ಬಟನ್ ಒತ್ತಿದ.

"ಈಗ ದಾಟಿದ ಗುರುವೇ, ಬಿಳಿ ಕ್ಯಾರವಾನಿಂದ ಕ್ಲೈವ್ ಅಂತ. ಮೊನ್ನೆ ಸೆಡುನಾ ರಸ್ತೇಲಿ ಈ ವ್ಯಾನ್ ಬಾಲ ಅಲ್ಲಾಡಿಸ್ತು. ಹೆಂಡ್ತಿ ಓಡಿಸ್ತಿದ್ದಾಳೆ ಅಂತ ರೇಡಿಯೊದಲ್ಲಿ ಹೇಳ್ದೆ. ಓಡಿಸಿದ್ದು ಅವಳೇ. ಭಾರ ಎಲ್ಲಾ ಹಿಂದೆ ಹಾಕಿದ್ದು ನಾನು. ಸಲಾಕೆ ಕೊಟ್ಟುಬಿಟ್ಟಿದ್ದೂ ನಾನು. ಅವಳು ಓಡಿಸಿದ್ದಕ್ಕೇ ಉಳ್ಕೊಂಡ್ವಿ." ಆಮೇಲೆ ನನ್ನ ಕಡೆ ತಿರುಗಿ, "ಸಾಕಾ?" ಎಂದ. ಹೆಬ್ಬೆರಳು ಇನ್ನೂ ಬಟನ್ ಒತ್ತಿಯೇ ಇತ್ತು, ನಮ್ಮ ಮಾತು ಹೊರಗೆ ಹೋಗುತ್ತಲೇ ಇತ್ತು.

"ಇಲ್ಲ," ಎಂದೆ.

ಅವನು ಬೆರಳು ತೆಗೆದ. ರೇಡಿಯೊ ಗರಗರ ಎಂದಿತು.

"ಸಾಕಾಗಿಲ್ವಂತೆ ಗುರುವೇ," ಎಂದ ಲಾರಿಯವನು. "ಇನ್ನೊಂದು ಸಲ ಹೇಳು."

ಯಾರೋ ನಕ್ಕರು. ಈ ಸಲ ಇಬ್ಬರೋ ಮೂವರೋ ಇದ್ದರು. ಕ್ಲೈವ್ ನನ್ನ ಮುಖ ನೋಡಿದ. ನಾನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

ಅವನು ಬಟನ್ ಒತ್ತಿ ಇನ್ನೊಂದು ಸಲ ಹೇಳಿದ.